ಒಬ್ಬರು ಕಡಿಮೆ

ಹೊರಟವರು 23 ಮಂದಿ, ಮರಳಿದವರು 22. ಎಣಿಸುವ ಕೆಲಸ ನಮ್ಮ ಓಟದ ಬಳಗದ ಹಿರಿಯರೊಬ್ಬರದು. ಓಟ ಮುಗಿದ ಮೇಲೆ ಒಬ್ಬರು ಬೆವರೊರೆಸಿಕೊಳ್ಳುತ್ತ, ಇನ್ನೊಬ್ಬರು ಮರಕ್ಕೆ ಕೈಕೊಟ್ಟು ಮೀನಖಂಡ ಹಿಗ್ಗಿಸುತ್ತ, ಮತ್ತೊಬ್ಬರು ಗಟಗಟನೆ ನೀರು ಕುಡಿಯುತ್ತ ನಿಂತಿರುವಾಗ, ಅವರು ತೋರುಬೆರಳನ್ನು ಎದೆಯ ಮಟ್ಟದಲ್ಲೇ ಆಡಿಸುತ್ತ ತುಟಿಯೊಳಗೇ ಎಣಿಸಿ ಮುಗಿಸುತ್ತಾರೆ. ಯಾರಿಗೂ ಅದು ಗೊತ್ತೇ ಆಗುವುದಿಲ್ಲ. ಆ ಭಾನುವಾರ ಎರಡು ಸಲ ಎಣಿಸಿದರು. ಮೂರನೆಯ ಸಲ ಬಾಯಿಬಿಟ್ಟು ಎಣಿಸಿದರು. ಸುತ್ತಲಿನ ಮಾತು ತಾನಾಗಿ ನಿಂತಿತು. "ಒಬ್ಬರು ಕಡಿಮೆ" ಎಂದರು.

ಯಾರು ಎಂದು ಹೇಳಲು ನಮಗೆ ಆಗಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಎಲ್ಲರೂ ಇದ್ದಾರೆ ಎಂದೇ ಎಲ್ಲರಿಗೂ ಅನ್ನಿಸುತ್ತಿತ್ತು. ಕೊನೆಗೆ ಒಬ್ಬರು ಚೀಲದಿಂದ ಪುಸ್ತಕ ತೆಗೆದು ಅಲ್ಲಿದ್ದವರ ಹೆಸರುಗಳನ್ನು ಒಂದರ ಕೆಳಗೊಂದು ಬರೆಯತೊಡಗಿದರು. 22 ಹೆಸರಾಯಿತು. 23ನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು. "ನೀಲಿ ಅಂಗಿಯವರೊಬ್ಬರು ಇದ್ದರಲ್ಲ, ಹೊಸಬರು?" ಎಂದು ಯಾರೋ ಹೇಳಿದರು. ಹೌದು, ಇದ್ದರು. ಅದು ಅವರ ಮೂರನೆಯ ಭಾನುವಾರ. ಮೂರು ವಾರ ನಮ್ಮ ಜೊತೆಗೆ ಬೆವರು ಹರಿಸಿದ ಮನುಷ್ಯನ ಹೆಸರು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಮೊಬೈಲ್ ಸಂಖ್ಯೆಯ ಮಾತಂತೂ ದೂರವೇ ಉಳಿಯಿತು. ಬರೆಯುತ್ತಿದ್ದವರು ಸ್ವಲ್ಪ ಹೊತ್ತು ಕಾದು, 'ನೀಲಿ ಅಂಗಿ' ಎಂದು ಬರೆದರು.

ಆಗಲೇ 14 ಕಿಲೋಮೀಟರ್ ಓಡಿ ಬಂದಿದ್ದ ಇಬ್ಬರು ಯುವಕರು ಲೇಸ್ ಬಿಗಿದುಕೊಂಡು ಬಂದ ದಾರಿಯಲ್ಲೇ ಮತ್ತೆ ಹೊರಟರು. ಉಳಿದ ನಾವು ಕಾದೆವು. ಬೆವರು ಆರಿ ಮೈ ತಣ್ಣಗಾಯಿತು. ಎಲ್ಲಾದರೂ ಕಾಲು ಉಳುಕಿ ಬಿದ್ದಿರಬಹುದೇ, ಎದೆ ಹಿಡಿದುಕೊಂಡಿರಬಹುದೇ ಎಂದು ಎಲ್ಲರೂ ಯೋಚಿಸುತ್ತಿದ್ದೆವು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮುಕ್ಕಾಲು ಗಂಟೆಯಾದ ಮೇಲೆ ಇಬ್ಬರೂ ಮರಳಿದರು. ದಾರಿಬದಿಯ ಕಲ್ಲುಬೆಂಚಿನ ಮೇಲೆ ಕುಳಿತಿದ್ದವರೊಬ್ಬರು ನೀಲಿ ಅಂಗಿಯವರನ್ನು ಕಂಡಿದ್ದರಂತೆ. ಅವರು ಓಟ ನಿಲ್ಲಿಸಿ, ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನಿಂತು ಸುಧಾರಿಸಿಕೊಂಡು, ಆಮೇಲೆ ಪಕ್ಕದ ರಸ್ತೆ ಹಿಡಿದು ನಡೆದು ಹೋದರಂತೆ. "ಚೆನ್ನಾಗಿಯೇ ನಡೆದು ಹೋದರಂತೆ" ಎಂದಾಗ ಎಲ್ಲರ ಎದೆ ಹಗುರವಾಯಿತು. ಎಲ್ಲರೂ ಮನೆಗೆ ಹೊರಟರು. ನಾನೂ ಹೊರಟೆ. ಆದರೆ ನನ್ನೊಳಗೆ ಆ ಬೆಳಗು ಇಂದಿಗೂ ಮುಗಿದಿಲ್ಲ, ಏಕೆಂದರೆ ಆ ದಿನ ಅವರೊಂದಿಗೆ ಕೊನೆಯ ಮಾತಾಡಿದವಳು ನಾನು.

ನಾಲ್ಕನೆಯ ಕಿಲೋಮೀಟರಿನ ಹತ್ತಿರ ನಾನು ಅವರನ್ನು ಹಿಂದಿಕ್ಕಿದ್ದೆ. ಪಕ್ಕಕ್ಕೆ ಬಂದಾಗ ಏದುಸಿರಿನ ನಡುವೆ ಕೇಳಿದರು: "ಇನ್ನೆಷ್ಟು ದೂರ?" ನಾನು ನಕ್ಕು, ಹೆಬ್ಬೆರಳೆತ್ತಿ, "ಇನ್ನೇನು, ಬಂದೇಬಿಟ್ಟಿತು!" ಎಂದು ಹೇಳಿ ಮುಂದೆ ಹೋದೆ. ನಾವು ತಿರುಗಬೇಕಿದ್ದದ್ದು ಏಳನೆಯ ಕಿಲೋಮೀಟರಿನಲ್ಲಿ. ಅಂದರೆ ಇನ್ನೂ ಮೂರು ಕಿಲೋಮೀಟರ್ ಬಾಕಿ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಓಡುವವರೆಲ್ಲ ಆಡುವ ಮಾತು ಅದು. ಎದುರಿನವರು ಬಳಲಿದ್ದು ಕಂಡರೆ ಬಾಯಿಂದ ತಾನೇ ಉದುರುತ್ತದೆ. ದಾರಿ ಗೊತ್ತಿದ್ದವರು ಅದನ್ನು ಹುರಿದುಂಬಿಸುವ ಮಾತೆಂದು ತೆಗೆದುಕೊಳ್ಳುತ್ತಾರೆ. ದಾರಿ ಗೊತ್ತಿಲ್ಲದವರು ಅದನ್ನು ನಂಬುತ್ತಾರೆ. ಅವರು ನಂಬಿ ಮುಂದಿನ ತಿರುವಿನವರೆಗೆ ಓಡಿರಬೇಕು. ಅಲ್ಲಿ ಯಾರೂ ಇರಲಿಲ್ಲ. ಅದರ ಮುಂದಿನ ತಿರುವಿನಲ್ಲೂ ಯಾರೂ ಇರಲಿಲ್ಲ. ಉಳಿಸಿಕೊಂಡಿದ್ದ ಕಸುವನ್ನೆಲ್ಲ ಆ ಎರಡು ತಿರುವುಗಳಲ್ಲಿ ಸುರಿದುಬಿಟ್ಟಿರಬೇಕು. ನಾನು ನಿಂತು, "ಇನ್ನೂ ಮೂರು ಕಿಲೋಮೀಟರ್ ಇದೆ, ಸ್ವಲ್ಪ ನಡೆಯೋಣ ಬನ್ನಿ" ಎಂದಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಅವರು ಮತ್ತೆ ಬರಲಿಲ್ಲ.

ಪಕ್ಕದಲ್ಲಿ ಓಡಿದವರು

ನಾನು ಈ ಬಳಗಕ್ಕೆ ಸೇರುವ ಮುನ್ನ ನಾಲ್ಕು ವರ್ಷ ಒಬ್ಬಳೇ ಓಡಿದ್ದೆ. ಕ್ಲಬ್ ಎಂದರೆ ವೇಗಿಗಳ ಕೂಟ, ಅಲ್ಲಿಗೆ ಹೋಗಬೇಕಾದರೆ ಮೊದಲು ಒಂದು ಮಟ್ಟಕ್ಕೆ ಬಂದಿರಬೇಕು ಎಂದುಕೊಂಡಿದ್ದೆ. ಹೀಗೆಂದುಕೊಂಡು ದೂರ ಉಳಿದವರು ಎಷ್ಟು ಮಂದಿ ಎಂಬುದು ಆಮೇಲೆ ತಿಳಿಯಿತು. ಇವತ್ತು ನಮ್ಮ ಜೊತೆ ಓಡುವ ಹೆಚ್ಚಿನವರು "ಸ್ವಲ್ಪ ಸುಧಾರಿಸಿಕೊಂಡು ಬರೋಣ ಎಂದು ಒಂದು ವರ್ಷ ತಡೆದೆ" ಎಂದೇ ಹೇಳುತ್ತಾರೆ. ನನ್ನನ್ನು ಕೊನೆಗೂ ಅಲ್ಲಿಗೆ ಎಳೆದು ತಂದದ್ದು ಕತ್ತಲೆ. ಬೆಳಕು ಹರಿಯುವ ಮುನ್ನ ನಿರ್ಜನ ರಸ್ತೆಯಲ್ಲಿ ಒಬ್ಬಳೇ ಓಡುವಾಗ ಅರ್ಧ ಗಮನ ಬೆನ್ನ ಹಿಂದೆಯೇ ಇರುತ್ತದೆ. ಹಿಂದಿನಿಂದ ಬರುವ ಹೆಜ್ಜೆ ಸಪ್ಪಳಕ್ಕೆ ಕಿವಿ ನಿಮಿರುತ್ತದೆ, ನಿಧಾನವಾಗುವ ವಾಹನಕ್ಕೆ ಕಾಲು ತಾನಾಗಿ ರಸ್ತೆಯ ಆಚೆ ಬದಿಗೆ ಸರಿಯುತ್ತದೆ. ಇದನ್ನು ಹೆಣ್ಣುಮಕ್ಕಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಹಿಂದಿನಿಂದ ಬರುವ ಹೆಜ್ಜೆ ಗೆಳತಿಯದೇ ಎಂದು ಗೊತ್ತಿರುವ ಓಟ ಹೇಗಿರುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ.

ಮೊದಲ ದಿನ ಗುಂಪಿನ ಅಂಚಿನಲ್ಲಿ ನಿಂತು, ಬಿಗಿಯಾಗಿಯೇ ಇದ್ದ ಲೇಸ್ ಬಿಚ್ಚಿ ಎರಡು ಸಲ ಕಟ್ಟಿದೆ. ಎಲ್ಲರೂ ಸಂಖ್ಯೆಗಳಲ್ಲಿ ಮಾತಾಡುತ್ತಿದ್ದರು. "ಇವತ್ತು ಆರರಲ್ಲಿ ಹೋಗೋಣ", "ನನಗೆ ಐದೂವರೆ ಸಾಕು". ಕಿಲೋಮೀಟರಿಗೆ ಎಷ್ಟು ನಿಮಿಷ ಎಂಬ ಲೆಕ್ಕ ಅದು. ನನ್ನದು ಎಂಟು. ಎಂಟು ಎಂಬ ಸಂಖ್ಯೆ ಯಾರ ಬಾಯಲ್ಲೂ ಬರಲಿಲ್ಲ. ಹೊರಟ ಮೂರೇ ನಿಮಿಷದಲ್ಲಿ ಗುಂಪು ಮುಂದೆ ಸರಿದು, ಹೆಜ್ಜೆಗಳ ಸದ್ದು ತೆಳುವಾಗತೊಡಗಿತು. ಆಗ ಗಮನಿಸಿದೆ, ನನ್ನ ಬಲಗಡೆಗೆ ಬೂದು ಟೋಪಿಯ ಹೆಂಗಸೊಬ್ಬರು ಓಡುತ್ತಿದ್ದರು. ನನಗಿಂತ ಎಷ್ಟೋ ಹಗುರವಾಗಿ, ಪಾದ ನೆಲಕ್ಕೆ ತಾಗಿದ್ದೇ ಕೇಳದಂತೆ ಓಡುತ್ತಿದ್ದರು. ಅವರು ಬೇಕೆಂದೇ ಹಿಂದೆ ಉಳಿದಿದ್ದಾರೆ ಎಂಬುದು ನೋಡಿದ ಕೂಡಲೇ ತಿಳಿಯುತ್ತಿತ್ತು. ನನಗೆ ಮುಜುಗರವಾಗಿ, "ನೀವು ಮುಂದೆ ಹೋಗಿ ಮೇಡಂ, ನಾನು ನಿಧಾನಕ್ಕೆ ಬರುತ್ತೇನೆ" ಎಂದೆ. ಅವರು ಅದಕ್ಕೆ ಉತ್ತರ ಕೊಡಲೇ ಇಲ್ಲ. "ರಾತ್ರಿ ಚೆನ್ನಾಗಿ ನಿದ್ದೆ ಬಂತಾ?" ಎಂದು ಕೇಳಿದರು.

ಬಂತು ಎಂದೆ. "ಎಷ್ಟು ಹೊತ್ತಿಗೆ ಮಲಗಿದಿರಿ?" ಹೇಳಿದೆ. "ಈ ಶೂ ತೆಗೆದುಕೊಂಡು ಎಷ್ಟು ದಿನವಾಯಿತು? ಮೊದಲಿಗೆ ಓಡಲು ಶುರುಮಾಡಿದ್ದು ಹೇಗೆ?" ಕೇಳುತ್ತಲೇ ಹೋದರು. ನಾನು ಉದ್ದುದ್ದ ಉತ್ತರ ಕೊಡುವಾಗ ಅವರ ಹೆಜ್ಜೆ ಹಾಗೆಯೇ ಇರುತ್ತಿತ್ತು. ಉತ್ತರ ಎರಡು ಪದಕ್ಕೆ ಇಳಿದರೆ ಅವರು ತಮ್ಮಷ್ಟಕ್ಕೆ ನಿಧಾನವಾಗುತ್ತಿದ್ದರು, ಜೊತೆಗೆ ನಾನೂ ನಿಧಾನವಾಗುತ್ತಿದ್ದೆ. ಅವರು ಮಾತಿನ ನೆಪದಲ್ಲಿ ನನ್ನ ಉಸಿರನ್ನು ಅಳೆಯುತ್ತಿದ್ದರು ಎಂಬುದು ಎಷ್ಟೋ ದಿನಗಳ ಮೇಲೆ ಹೊಳೆಯಿತು. ಪೂರ್ತಿ ವಾಕ್ಯ ಆಡುವಷ್ಟು ಉಸಿರು ಉಳಿದಿದ್ದರೆ ಅದು ಸರಾಗದ ಓಟ, ಒಂದೊಂದೇ ಪದ ಹೊರಬಂದರೆ ವೇಗ ಹೆಚ್ಚಾಯಿತೆಂದು ಅರ್ಥ. ತರಬೇತುದಾರರು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠವೇ ಇದು, ಕೈಗಡಿಯಾರ ಬೇಡದ ಅಳತೆ. ಆ ದಿನ ನಾನು ಒಮ್ಮೆಯೂ ನಿಲ್ಲದೆ ಆರು ಕಿಲೋಮೀಟರ್ ಓಡಿದೆ. ಒಬ್ಬಳೇ ಇದ್ದಾಗ ಮೂರಕ್ಕೇ ನಿಂತು ನಡೆಯುತ್ತಿದ್ದವಳು. ನಾನು ಅಷ್ಟು ದಿನ ನನಗೆ ಆಗದ ವೇಗದಲ್ಲಿ ಓಡುತ್ತಿದ್ದೆ, ಅಷ್ಟೇ.

ಬೂದು ಟೋಪಿಯವರ ಈ ಗುಣಕ್ಕೆ ಒಂದು ಹಳೆಯ ವಂಶಾವಳಿಯೇ ಇದೆ. ಆರ್ಥರ್ ಲಿಡಿಯಾರ್ಡ್ ನ್ಯೂಜಿಲೆಂಡಿನ ತರಬೇತುದಾರರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರು ಪಳಗಿಸಿದ ಪೀಟರ್ ಸ್ನೆಲ್ 800 ಮೀಟರ್‌ನಲ್ಲಿ, ಮರ್ರೇ ಹಾಲ್ಬರ್ಗ್ 5000 ಮೀಟರ್‌ನಲ್ಲಿ ಒಂದೇ ದಿನ ಚಿನ್ನ ಗೆದ್ದರು. ಅದಾದ ಮೇಲೆ ಲಿಡಿಯಾರ್ಡ್ ಆಕ್ಲೆಂಡ್‌ನಲ್ಲಿ ಸಾಮಾನ್ಯ ಜನರನ್ನು, ಅದರಲ್ಲೂ ಹೃದಯದ ತೊಂದರೆ ಇದ್ದ ವಯಸ್ಸಾದವರನ್ನು ಸೇರಿಸಿಕೊಂಡು ನಿಧಾನದ ಓಟ ಓಡಿಸತೊಡಗಿದರು. 1962ರ ಕೊನೆಯಲ್ಲಿ ಅಮೆರಿಕದ ಪ್ರಸಿದ್ಧ ತರಬೇತುದಾರ ಬಿಲ್ ಬೋವರ್‌ಮನ್ ಅಲ್ಲಿಗೆ ಹೋದಾಗ ಲಿಡಿಯಾರ್ಡ್ ಈ ಅತಿಥಿಯನ್ನೂ ಗುಂಪಿನೊಂದಿಗೆ ಓಡಲು ಕರೆದರು. ಆಗ ಬೋವರ್‌ಮನ್‌ಗೆ ಐವತ್ತು ದಾಟಿತ್ತು, ಇತರರನ್ನು ಓಡಿಸುವುದು ರೂಢಿಯಾಗಿತ್ತೇ ಹೊರತು ತಾವು ಓಡುವುದು ಬಿಟ್ಟು ಎಷ್ಟೋ ಕಾಲವಾಗಿತ್ತು. ಸ್ವಲ್ಪ ದೂರದಲ್ಲೇ ಉಸಿರು ಕಟ್ಟಿ ಅವರು ಹಿಂದೆ ಬಿದ್ದರು. ಆಗ ಅವರ ಜೊತೆಗೆ ನಿಂತದ್ದು ಹೃದಯಾಘಾತಗಳನ್ನು ಉಂಡು ಎದ್ದಿದ್ದ, ಎಪ್ಪತ್ತು ದಾಟಿದ ಒಬ್ಬ ಹಿರಿಯರು. ಗುಂಪನ್ನು ಮುಂದೆ ಬಿಟ್ಟು, ಮಾತಾಡಿಸುತ್ತ ಬೋವರ್‌ಮನ್‌ರನ್ನು ಕರೆತಂದರು. ಬೋವರ್‌ಮನ್ ಊರಿಗೆ ಮರಳಿ, 1963ರಲ್ಲಿ ಒರೆಗಾನ್‌ನ ಯೂಜೀನ್ ಪಟ್ಟಣದ ಜನರನ್ನು ಓಡಲು ಕರೆದರು. ಅಮೆರಿಕದಲ್ಲಿ ಸಾಮಾನ್ಯರ ಓಟ ಹಬ್ಬಿದ್ದಕ್ಕೆ ಅದೂ ಒಂದು ಮುಖ್ಯ ಮೊದಲು. ನಾನು ಈ ಕಥೆಯನ್ನು ಯೋಚಿಸುವಾಗಲೆಲ್ಲ ನೆನಪಾಗುವುದು ಇಬ್ಬರು ದೊಡ್ಡ ತರಬೇತುದಾರರಲ್ಲ, ಹಿಂದೆ ಉಳಿದ ಆ ಹಿರಿಯರು. ಅವರು ಆ ದಿನ "ಇನ್ನೇನು, ಬಂದೇಬಿಟ್ಟಿತು" ಎಂದು ಹೇಳಿ ಮುಂದೆ ಹೋಗಿದ್ದರೆ?

ಹೆಜ್ಜೆ ಕೂಡಿದಾಗ, ಹೆಜ್ಜೆ ತಪ್ಪಿದಾಗ

ಒಟ್ಟಿಗೆ ಓಡಿದರೆ ದಣಿವು ಕಡಿಮೆ ಎಂಬುದು ಬರೀ ಭಾವನೆಯೋ ನಿಜವೋ ಎಂದು ನನಗೆ ಬಹಳ ದಿನ ಕುತೂಹಲವಿತ್ತು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ದೋಣಿ ತಂಡದ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಅದೇ ಹುಟ್ಟುಹಾಕುವ ವ್ಯಾಯಾಮದ ಯಂತ್ರ, ಅದೇ 45 ನಿಮಿಷ. ಹುಟ್ಟುಹಾಕುವವರು ಒಮ್ಮೆ ಒಬ್ಬೊಬ್ಬರೇ, ಇನ್ನೊಮ್ಮೆ ತಂಡವಾಗಿ ಲಯ ಕೂಡಿಸಿ ಎಳೆದರು. ಮುಗಿದ ಕೂಡಲೇ ರಕ್ತದೊತ್ತಡ ನೋಡುವ ಪಟ್ಟಿಯನ್ನು ತೋಳಿಗೆ ಬಿಗಿದು, ನೋವು ಎನ್ನುವವರೆಗೆ ಗಾಳಿ ತುಂಬಿ, ಅವರು ಎಷ್ಟು ತಾಳುತ್ತಾರೆ ಎಂದು ಅಳೆದರು. ಪಟ್ಟ ಶ್ರಮ ಒಂದೇ ಆಗಿದ್ದರೂ, ಒಟ್ಟಿಗೆ ಎಳೆದ ದಿನ ನೋವು ತಾಳುವ ಶಕ್ತಿ ಸ್ಪಷ್ಟವಾಗಿ ಹೆಚ್ಚಿತ್ತು. ಲಯ ಕೂಡಿದ ಕೆಲಸದಲ್ಲಿ ದೇಹ ನೋವು ತಗ್ಗಿಸುವ ಎಂಡಾರ್ಫಿನ್ ಎಂಬ ರಾಸಾಯನಿಕವನ್ನು ಹೆಚ್ಚು ಸುರಿಸುತ್ತದೆ ಎಂಬುದು ಸಂಶೋಧಕರ ಊಹೆ. ಕೀನ್ಯಾದ ಮ್ಯಾರಥಾನ್ ಓಟಗಾರ ಎಲಿಯುಡ್ ಕಿಪ್ಚೋಗೆ 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ 42.195 ಕಿಲೋಮೀಟರನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದಾಗಲೂ ಜೊತೆಗೆ ಓಡುತ್ತ ವೇಗ ಕಾಯ್ದುಕೊಡುವ 41 ಮಂದಿ ಪೇಸರ್‌ಗಳು ಸರದಿಯಂತೆ ಸುತ್ತುವರಿದು ಓಡಿದ್ದರು. ಪೇಸರ್‌ಗಳು ಹೀಗೆ ಬದಲಾಗುತ್ತ ಬಂದದ್ದೂ ಸೇರಿದಂತೆ ಹಲವು ಕಾರಣಗಳಿಂದ ಅದು ಅಧಿಕೃತ ದಾಖಲೆಯಾಗಲಿಲ್ಲ. ನನ್ನ ಕಣ್ಣು ನೆಟ್ಟದ್ದು ಆ ವ್ಯೂಹದ ಮೇಲೆ. ಗಾಳಿ ತಡೆಯಲು ಮುಂದೆ ಐವರು. ಹಿಂದೆಯೂ ಇಬ್ಬರು.

ಆದರೆ ಈ ಬಲಕ್ಕೆ ಇನ್ನೊಂದು ಮಗ್ಗುಲಿದೆ, ಮುಂದೆ ಓಡುವವರಿಗೆ ಅದು ಕಾಣುವುದಿಲ್ಲ. ಕೂಡಿದ ಹೆಜ್ಜೆ ಒಳಗಿರುವವರನ್ನು ಎಷ್ಟು ಎತ್ತುತ್ತದೆಯೋ, ಅದರಿಂದ ಜಾರಿದವರನ್ನು ಅಷ್ಟೇ ಕೆಳಗೆ ಎಳೆಯುತ್ತದೆ. ಒಂಟಿಯಾಗಿ ಓಡುವಾಗ ನಾನು ನಿಧಾನ ಎಂದು ಹೇಳುವವರು ಯಾರೂ ಇಲ್ಲ. ಗುಂಪಿನಿಂದ ಕಳಚಿಕೊಂಡವರಿಗೆ ಪ್ರತಿ ಹೆಜ್ಜೆಯೂ ಅದನ್ನೇ ಹೇಳುತ್ತದೆ. ಮೊದಲು ಮಾತು ಕೇಳಿಸುವುದು ನಿಲ್ಲುತ್ತದೆ, ಆಮೇಲೆ ನಗು, ಆಮೇಲೆ ಹೆಜ್ಜೆಯ ಸದ್ದು. ಕೊನೆಗೆ ಅಂಗಿಗಳ ಬಣ್ಣ ಮಾತ್ರ ದೂರದಲ್ಲಿ ಕುಪ್ಪಳಿಸುತ್ತಿರುತ್ತದೆ. ಒಬ್ಬಂಟಿಯಾಗಿಯೇ ಹೊರಟಿದ್ದರೆ ಅದು ಒಬ್ಬರ ಓಟ. ಇಪ್ಪತ್ತು ಮಂದಿಯ ಜೊತೆ ಹೊರಟು ಒಬ್ಬರೇ ಉಳಿಯುವುದು ಬೇರೆಯೇ. ನೀಲಿ ಅಂಗಿಯವರು ಆ ಪಕ್ಕದ ರಸ್ತೆ ಹಿಡಿದಾಗ ಅವರ ಕಣ್ಣ ಮುಂದೆ ಒಂದು ಅಂಗಿಯ ಬಣ್ಣವೂ ಉಳಿದಿರಲಿಲ್ಲ.

ನಿಂತಾಗ ಕಂಡ ಮುಖಗಳು

ಆ ಘಟನೆಗೆ ಎರಡು ತಿಂಗಳ ಮುಂಚೆ ನನಗೇ ಗಾಯವಾಗಿತ್ತು ಎಂಬುದನ್ನು ಹೇಳಬೇಕು, ಏಕೆಂದರೆ ನಾನು ತಿಳಿದೂ ತಪ್ಪಿದವಳು. ಮೊಣಕಾಲಿನ ಕೆಳಗೆ, ಮುಂಭಾಗದ ಎಲುಬಿನ ಒಳ ಅಂಚಿನಲ್ಲಿ ನೋವು. ಓಟ ಶುರುವಾದ ಮೇಲೆ ತಿಂಗಳುಗಳಲ್ಲೇ ಉಸಿರು ಪಳಗುತ್ತದೆ, ಎದೆ "ಇನ್ನೂ ಓಡು" ಎನ್ನುತ್ತದೆ, ಆದರೆ ಎಲುಬು ಮತ್ತು ಸ್ನಾಯುರಜ್ಜುಗಳು ಅಷ್ಟು ಬೇಗ ಗಟ್ಟಿಯಾಗುವುದಿಲ್ಲ. ಹುರುಪಿನಲ್ಲಿ ವಾರದ ದೂರವನ್ನು ಒಮ್ಮೆಲೇ ಏರಿಸಿದವರಿಗೆ ಈ ನೋವು ಕಟ್ಟಿಟ್ಟದ್ದು. ಆರು ವಾರ ಓಡಬಾರದು ಎಂದರು ವೈದ್ಯರು. ಮನೆಯಲ್ಲೇ ಇದ್ದುಬಿಡೋಣ ಎಂದಿದ್ದವಳಿಗೆ ಬೂದು ಟೋಪಿಯವರು ಫೋನ್ ಮಾಡಿ, "ಓಡಬೇಡಿ, ಬಂದು ನಿಂತುಕೊಳ್ಳಿ. ಏಳನೆಯ ಕಿಲೋಮೀಟರಿನ ತಿರುವಿನಲ್ಲಿ ನೀರು ಕೊಡಲು ಒಬ್ಬರು ಬೇಕು" ಎಂದರು.

ಹೋಗಿ ನಿಂತೆ. ಕೈಯಲ್ಲಿ ಲೋಟಗಳು, ಕಾಲಬಳಿ ನೀರಿನ ಕ್ಯಾನು. ಬೆಳಕು ಆಗಷ್ಟೇ ಬಿಡುತ್ತಿತ್ತು. ದೂರದಲ್ಲಿ ಮೊದಲ ಮೂವರು ಕಾಣಿಸಿಕೊಂಡರು. ಆಗ ನನಗೆ ಹೊಳೆದ ಮಾತಿದು: ಒಂದೂವರೆ ವರ್ಷದಿಂದ ಇವರೊಂದಿಗೆ ಓಡುತ್ತಿದ್ದೇನೆ, ಓಡುವ ಇವರ ಮುಖವನ್ನು ಇದುವರೆಗೆ ನೋಡಿಯೇ ಇಲ್ಲ. ಓಡುವಾಗ ನಮಗೆ ಕಾಣುವುದು ಬೆನ್ನುಗಳು ಮಾತ್ರ. ಬೆನ್ನಿಂದ ನನಗೆ ಎಲ್ಲರೂ ಗೊತ್ತಿದ್ದರು. ಯಾರ ಬಲಭುಜ ದಣಿದಾಗ ಮೇಲೇರುತ್ತದೆ, ಯಾರ ಎಡ ಹಿಮ್ಮಡಿ ಒಳಕ್ಕೆ ವಾಲುತ್ತದೆ, ಎಲ್ಲ ಗೊತ್ತಿತ್ತು. ಮುಖಗಳು ಬೇರೆಯೇ ಕಥೆ ಹೇಳುತ್ತಿದ್ದವು. ಎಲ್ಲರಿಗಿಂತ ಮುಂದೆ ಬಂದ ಯುವಕನ ಹಲ್ಲು ಕಚ್ಚಿತ್ತು. ಸುಲಭವಾಗಿ ಓಡುತ್ತಾನೆ ಎಂದು ನಾನು ಹೊಟ್ಟೆಕಿಚ್ಚು ಪಟ್ಟಿದ್ದ ಹುಡುಗ ಅವನು. ಹಿಂದೆ ಬಂದ ನಡುವಯಸ್ಸಿನವರೊಬ್ಬರು ಹೆಜ್ಜೆಗೆ ಸರಿಯಾಗಿ ಏನನ್ನೋ ಎಣಿಸುತ್ತಿದ್ದರು, ನೂರಾದ ಮೇಲೆ ಮತ್ತೆ ಒಂದರಿಂದ. ಸದಾ ಹರಟುವ ಗೆಳತಿಯೊಬ್ಬಳು ಒಬ್ಬಳೇ ಬಂದಳು, ಕೆನ್ನೆ ಒದ್ದೆಯಾಗಿತ್ತು. ಅದು ಬರೀ ಬೆವರಲ್ಲ. ಲೋಟ ತೆಗೆದುಕೊಂಡು ನನ್ನ ಮುಂಗೈಯನ್ನು ಒಂದು ಕ್ಷಣ ಹಿಡಿದು ಮುಂದೆ ಹೋದಳು. ಅವಳ ತಾಯಿ ಆಸ್ಪತ್ರೆಯಲ್ಲಿದ್ದದ್ದು ನನಗೆ ಗೊತ್ತಾದದ್ದು ಅದಾದ ಮೇಲೆ, ನಾನು ಕೇಳಿದ ಮೇಲೆ.

ಕೊನೆಯವರು ಬರುವಾಗ ಬಿಸಿಲು ಏರಿತ್ತು. ಕೊನೆಗೆ ಬಂದವರೆಲ್ಲ ಮೊದಲು ಆಡಿದ ಮಾತು ಒಂದೇ: "ಕಾಯಿಸಿಬಿಟ್ಟೆ, ಕ್ಷಮಿಸಿ." ಅಂದು ಇಬ್ಬರು ಹೇಳಿದರು, ಮುಂದಿನ ವಾರ ಮೂವರು. ಮೊದಲು ಬಂದವರು ನಲವತ್ತು ನಿಮಿಷ ಮೊದಲೇ ಬಂದು ನೀರು ಕುಡಿದು ಹೋಗಿದ್ದಾರೆ, ಅವರಲ್ಲಿ ಯಾರೂ ಯಾವುದಕ್ಕೂ ಕ್ಷಮೆ ಕೇಳಿರಲಿಲ್ಲ. ಎಲ್ಲರಿಗಿಂತ ಹೆಚ್ಚು ಹೊತ್ತು ಓಡುವವರು, ಎಲ್ಲರಿಗಿಂತ ಹೆಚ್ಚು ಹೊತ್ತು ಬಿಸಿಲಲ್ಲಿ ಇರುವವರು ಇವರೇ, ಕ್ಷಮೆ ಕೇಳುವವರೂ ಇವರೇ. ಇದು ನನ್ನ ಎದೆಗೆ ನಾಟಿತು. ಅವತ್ತಿನಿಂದ ಅವರಿಗಾಗಿ ತಣ್ಣೀರನ್ನು ಬೇರೆ ತೆಗೆದಿಟ್ಟುಕೊಳ್ಳುತ್ತಿದ್ದೆ.

ಪಾರ್ಕ್‌ರನ್ ಎಂಬ ವಾರದ ಐದು ಕಿಲೋಮೀಟರ್ ಓಟ ಹುಟ್ಟಿದ್ದೂ ಹೀಗೆ ನಿಂತವರೊಬ್ಬರಿಂದ ಎಂದು ತಿಳಿದಾಗ ನನಗೆ ಆಶ್ಚರ್ಯವಾಗಲಿಲ್ಲ. ಪಾಲ್ ಸಿಂಟನ್-ಹೆವಿಟ್ ಗಾಯಗೊಂಡು ಓಡಲಾಗದ ಸ್ಥಿತಿಯಲ್ಲಿದ್ದರು, ಗೆಳೆಯರ ಒಡನಾಟ ತಪ್ಪಬಾರದೆಂದು ಅವರಿಗಾಗಿ ಓಟ ಏರ್ಪಡಿಸಿ ತಾವು ಪಕ್ಕದಲ್ಲಿ ನಿಂತರು. 2004ರ ಅಕ್ಟೋಬರ್ 2ರಂದು ಲಂಡನ್ನಿನ ಬುಶಿ ಪಾರ್ಕ್‌ನಲ್ಲಿ ಓಡಿದವರು 13 ಮಂದಿ. ಈಗ ಅದು ಹತ್ತಾರು ದೇಶಗಳಲ್ಲಿ ನಡೆಯುತ್ತದೆ, ಶುಲ್ಕವಿಲ್ಲ, ನಡೆಸುವವರೆಲ್ಲ ಸ್ವಯಂಸೇವಕರು. ಅಲ್ಲಿನ ಒಂದು ಏರ್ಪಾಡು ನನಗೆ ಬಹಳ ಇಷ್ಟ. ಸ್ವಯಂಸೇವಕರಲ್ಲಿ ಒಬ್ಬರ ಕೆಲಸವೇ ಕೊನೆಯವರಾಗಿ ಬರುವುದು. ಓಡಲು ಬಂದವರು ಯಾರೂ, ಎಷ್ಟೇ ನಿಧಾನವಾಗಿ ನಡೆದರೂ, ಕೊನೆಯವರಾಗುವುದಿಲ್ಲ.

ಆರು ವಾರ ಮುಗಿಯಿತು. ಕಾಲು ವಾಸಿಯಾಯಿತು. ನಾನು ಮತ್ತೆ ಓಡಲು ಇಳಿದೆ, ಮತ್ತೆ ಬೆನ್ನುಗಳನ್ನು ನೋಡತೊಡಗಿದೆ. ಕಳೆದುಕೊಂಡ ವೇಗವನ್ನು ಹಿಂದೆ ಪಡೆಯುವ ಹಂಬಲದಲ್ಲಿದ್ದ ಮೂರನೆಯ ಭಾನುವಾರ ನಾನು ನೀಲಿ ಅಂಗಿಯವರನ್ನು ಹಿಂದಿಕ್ಕಿದೆ.

ಕಾಯುವುದರ ಜಗಳ

ಅದಾದ ಮುಂದಿನ ವಾರ ನಾವು ಕುಳಿತು ಮಾತಾಡಿದೆವು. ಸುಲಭದ ಮಾತುಕತೆಯಾಗಿರಲಿಲ್ಲ. ಹಿಂದೆ ಒಬ್ಬರು ಇರಲೇಬೇಕು, ಎಲ್ಲರ ಹೆಸರು ಮತ್ತು ತುರ್ತಿಗೆ ಕರೆಯಬೇಕಾದವರ ಸಂಖ್ಯೆ ಬರೆದಿಡಬೇಕು ಎಂಬುದನ್ನು ಯಾರೂ ವಿರೋಧಿಸಲಿಲ್ಲ. ವಿರೋಧ ಬಂದದ್ದು ಕಾಯುವ ವಿಷಯಕ್ಕೆ. ಹಲ್ಲು ಕಚ್ಚಿ ಓಡುವ ಆ ಯುವಕ ಎದ್ದು, "ನಾನು ಮ್ಯಾರಥಾನ್‌ಗೆ ತಯಾರಾಗುತ್ತಿದ್ದೇನೆ. ತಿರುವಿನಲ್ಲಿ ಇಪ್ಪತ್ತು ನಿಮಿಷ ನಿಂತರೆ ಕಾಲು ಮರಗಟ್ಟುತ್ತದೆ. ಮತ್ತೆ ಓಡುವಾಗ ಗಾಯವಾಗುತ್ತದೆ" ಎಂದ. ಕೆಲವರು ಅವನನ್ನು ಸ್ವಾರ್ಥಿ ಎನ್ನುವಂತೆ ನೋಡಿದರು. ನನಗೆ ಹಾಗನ್ನಿಸಲಿಲ್ಲ. ನೀಲಿ ಅಂಗಿಯವರನ್ನು ಹುಡುಕಲು ಆ ದಿನ ಮತ್ತೆ ಓಡಿದ ಇಬ್ಬರಲ್ಲಿ ಅವನೂ ಒಬ್ಬ. ವೇಗವಾಗಿ ಓಡಬೇಕೆಂಬ ಆಸೆ ತಪ್ಪಲ್ಲ, ಅದಕ್ಕಾಗಿ ವರ್ಷಗಟ್ಟಲೆ ಬೆವರು ಸುರಿಸಿದವರಿಗೆ ಪ್ರತಿ ವಾರ ನಿಂತು ಕಾಯಿರಿ ಎನ್ನುವುದು ನ್ಯಾಯವೂ ಅಲ್ಲ. ಮೇಲಾಗಿ, ಕಾಯಿಸಿಕೊಂಡವರಿಗೂ ಅದು ಹಿತವಲ್ಲ. ಕಾಯುತ್ತ ನಿಂತ ಇಪ್ಪತ್ತು ಮುಖಗಳ ಕಡೆಗೆ ಓಡಿ ಬರುವವರ ಬಾಯಿಂದ ಮತ್ತೆ ಬರುವುದು ಅದೇ ಕ್ಷಮೆ.

ದಾರಿ ತೋರಿಸಿದವರು ಬೂದು ಟೋಪಿಯವರೇ. ದೂರ ಹೇಳಬೇಡಿ, ಸಮಯ ಹೇಳಿ ಎಂದರು. ಎಲ್ಲರೂ ತಮ್ಮ ತಮ್ಮ ವೇಗದಲ್ಲಿ ನಲವತ್ತು ನಿಮಿಷ ಮುಂದಕ್ಕೆ ಓಡಬೇಕು, ನಲವತ್ತು ನಿಮಿಷವಾದ ಕೂಡಲೇ ಎಲ್ಲಿರುತ್ತಾರೋ ಅಲ್ಲಿಂದಲೇ ತಿರುಗಬೇಕು. ಆರರ ವೇಗದವರು ಆರೂವರೆ ಕಿಲೋಮೀಟರ್ ದಾಟಿರುತ್ತಾರೆ, ಎಂಟರವರು ಐದು. ವೇಗ ಕೆಡದಿದ್ದರೆ ಎಲ್ಲರೂ ಎಂಬತ್ತನೆಯ ನಿಮಿಷದ ಆಸುಪಾಸಿನಲ್ಲಿ ಹೊರಟ ಜಾಗಕ್ಕೇ ಬಂದು ಸೇರುತ್ತಾರೆ. ಯಾರೂ ಯಾರಿಗೂ ಕಾಯಬೇಕಿಲ್ಲ. ಕಾಗದದ ಮೇಲೆ ಇದು ಬರೀ ಲೆಕ್ಕ. ರಸ್ತೆಯಲ್ಲಿ ಮೊದಲ ಸಲ ಮಾಡಿದ ದಿನ ನನಗೆ ಗಂಟಲು ಕಟ್ಟಿತು. ಅವತ್ತು ಹಿಂದಿನ ಜಾಗ ನನ್ನದು, ಐವತ್ತೆಂಟು ವರ್ಷದ ಹೊಸಬರೊಬ್ಬರ ಜೊತೆ ಓಡುತ್ತಿದ್ದೆ. ನಲವತ್ತನೆಯ ನಿಮಿಷಕ್ಕೆ ಗಡಿಯಾರ ಕೂಗಿತು, ನಾವು ತಿರುಗಿದೆವು. ತಿರುಗಿದ ಕ್ಷಣದಲ್ಲಿ ಎಲ್ಲರಿಗಿಂತ ಮುಂದೆ ಇದ್ದವರು ನಾವು. ನಮ್ಮ ಮುಂದೆ ಬರೀ ರಸ್ತೆ. ಒಂದೂ ಬೆನ್ನಿಲ್ಲ. ಅವರು ಅದನ್ನು ಗಮನಿಸಿ, ಓಡುತ್ತಲೇ ಒಮ್ಮೆ ಹಿಂತಿರುಗಿ ನೋಡಿದರು. "ಎಲ್ಲರೂ ಹಿಂದೆ ಇದ್ದಾರಾ?" ಎಂದು ಕೇಳಿದರು. ಇದ್ದಾರೆ ಎಂದೆ. ಅವರ ಬೆನ್ನು ನೆಟ್ಟಗಾದದ್ದನ್ನು ನಾನು ಕಂಡೆ. ಕೊನೆಯ ಅರ್ಧ ಕಿಲೋಮೀಟರಿನಲ್ಲಿ ಹಿಂದಿನಿಂದ ಹೆಜ್ಜೆಗಳ ಸದ್ದು ಕೇಳಿಸತೊಡಗಿತು, ಮೊದಲು ತೆಳುವಾಗಿ, ಆಮೇಲೆ ಗಟ್ಟಿಯಾಗಿ. ಆಮೇಲೆ ನಗು, ಆಮೇಲೆ ಮಾತು. ಹಲ್ಲು ಕಚ್ಚಿ ಓಡುವ ಯುವಕ ನಮ್ಮ ಪಕ್ಕಕ್ಕೆ ಬಂದು ಅವರಿಗೆ ಹೇಳಿದ: "ಇನ್ನು ಸರಿಯಾಗಿ ನಾನೂರು ಮೀಟರ್, ಸರ್."

ನಮ್ಮಲ್ಲಿ ಈಗ ಆ ಹಳೆಯ ಮಾತು ಕೇಳಿಬರುವುದಿಲ್ಲ. ದೂರ ಕೇಳಿದರೆ ಇರುವಷ್ಟನ್ನೇ ಹೇಳುತ್ತೇವೆ. ಎರಡೂವರೆ ಎಂದರೆ ಎರಡೂವರೆ. ಮ್ಯಾರಥಾನ್‌ಗೆ ತಯಾರಾಗುವವರಿಗೆ ವಾರದ ಮಧ್ಯೆ ಬೇರೆ ದಿನವಿದೆ, ಅಲ್ಲಿ ಯಾರೂ ಕಾಯುವುದಿಲ್ಲ, ಅದು ಎಲ್ಲರಿಗೂ ಗೊತ್ತು. ಬಾರದವರಿಗೆ ಎರಡನೆಯ ವಾರ ಒಬ್ಬರು ಫೋನ್ ಮಾಡುತ್ತಾರೆ. ಬನ್ನಿ ಎಂದು ಒತ್ತಾಯಿಸಲು ಅಲ್ಲ, ಹೇಗಿದ್ದೀರಿ ಎಂದು ಕೇಳಲು. ಆ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡಿದ್ದೇನೆ. ಒಬ್ಬರಿಗೆ ಜ್ವರ ಬಂದಿರುತ್ತದೆ, ಇನ್ನೊಬ್ಬರಿಗೆ ಕೆಲಸ ಹೋಗಿರುತ್ತದೆ, ಒಬ್ಬರು "ನಾನು ಬರದಿದ್ದದ್ದು ಯಾರಿಗಾದರೂ ಗೊತ್ತಾಗುತ್ತದೆ ಎಂದುಕೊಂಡಿರಲಿಲ್ಲ" ಎಂದು ಹೇಳಿ ಸ್ವಲ್ಪ ಹೊತ್ತು ಸುಮ್ಮನಾದರು.

ಆ ಭಾನುವಾರ ಗಾಬರಿಯಲ್ಲಿ ಬರೆದ ಹಾಳೆಯೇ ನಮ್ಮ ಹಾಜರಿ ಪುಸ್ತಕದ ಮೊದಲ ಪುಟ. ಫೋನ್ ಮಾಡಬೇಕಾದವರನ್ನು ಗುರುತು ಹಾಕಿಕೊಳ್ಳಲು ನಾನು ಪ್ರತಿ ವಾರ ಆ ಪುಸ್ತಕ ತೆರೆಯುತ್ತೇನೆ. ಮೊದಲ ಪುಟದಲ್ಲಿ 22 ಹೆಸರುಗಳ ಎದುರಿಗೆ ಆಮೇಲೆ ಬರೆದ 22 ಫೋನ್ ಸಂಖ್ಯೆಗಳಿವೆ. 23ನೆಯ ಸಾಲಿನಲ್ಲಿ 'ನೀಲಿ ಅಂಗಿ' ಎಂದಿದೆ, ಅದರ ಎದುರಿನ ಜಾಗ ಖಾಲಿಯಾಗಿದೆ.